ಕೆಲಸ ಬಿಟ್ಟ ಮೇಲೆ ಗ್ರೂಪಿನಿಂದ ತೆಗೆದರು: ಆಗ ನಿಜವಾಗಿ ಏನಾಗುತ್ತದೆ?

ಹೊಸ ಕೆಲಸ ಸಿಕ್ಕಿರಬಹುದು, ಹಳೆಯದು ಸಾಕಾಗಿರಬಹುದು, ಅಥವಾ ಕಂಪನಿಯೇ ಕಳಿಸಿರಬಹುದು. ಕಾರಣ ಏನೇ ಇರಲಿ, ಕೊನೆಯ ದಿನ ಮುಗಿದ ಸ್ವಲ್ಪ ಹೊತ್ತಿಗೋ ಒಂದೆರಡು ದಿನಕ್ಕೋ ಒಂದು ಸಣ್ಣ ಸಂಗತಿ ನಡೆಯುತ್ತದೆ. ವರ್ಷಗಟ್ಟಲೆ ಬಿಡುವಿಲ್ಲದೆ ಸದ್ದು ಮಾಡುತ್ತಿದ್ದ ಟೀಮ್ ಗ್ರೂಪ್ ತೆರೆದರೆ ಟೈಪ್ ಮಾಡುವ ಜಾಗವೇ ಇರುವುದಿಲ್ಲ. ನಿಮ್ಮನ್ನು ತೆಗೆದಿದ್ದಾರೆ.

ಆಗ ತಲೆಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಯಾರು ತೆಗೆದರು? ನಾನು ಬರೆದದ್ದೆಲ್ಲ ಎಲ್ಲಿ ಹೋಯಿತು? ಅವರು ಅದನ್ನು ಇನ್ನೂ ಓದಬಹುದಾ? ಇವೆಲ್ಲಕ್ಕಿಂತ ಜಾಸ್ತಿ ಕಾಡುವುದು ಬೇರೆಯದೇ: ಒಂದು ಮಾತು ಹೇಳಿ ತೆಗೆಯಬಹುದಿತ್ತಲ್ವಾ, ನಾನೇನು ತಪ್ಪು ಮಾಡಿದ್ದೆ?

ಬಹುತೇಕ ಸಲ ಏನೂ ಮಾಡಿರುವುದಿಲ್ಲ. ಎಷ್ಟೋ ಸಲ ನಿಮ್ಮನ್ನು ತೆಗೆದದ್ದು ಮನುಷ್ಯನೂ ಅಲ್ಲ. ಅದು ಹೇಗೆ ಅಂತ ಗೊತ್ತಾಗಬೇಕಾದರೆ ಗ್ರೂಪ್ ಅನ್ನುವುದು ಏನು, ಅದರಿಂದ ಒಬ್ಬರನ್ನು ತೆಗೆಯುವುದು ಅಂದರೆ ಏನು ಅಂತ ಮೊದಲು ನೋಡಬೇಕು.

## ಆಫೀಸ್ ಗ್ರೂಪ್‌ಗಳಲ್ಲಿ ಎರಡು ಬಗೆ

ಬಾಯಲ್ಲಿ ಎಲ್ಲವನ್ನೂ ಆಫೀಸ್ ಗ್ರೂಪ್ ಅಂತಲೇ ಕರೆಯುತ್ತೇವೆ. ಆದರೆ ಅವುಗಳ ಕಟ್ಟು ಬೇರೆ ಬೇರೆ.

ಮೊದಲನೆಯದು ಕಂಪನಿಯೇ ಕೊಟ್ಟ ಆಪ್. 2013ರಲ್ಲಿ ಬಂದ ಸ್ಲ್ಯಾಕ್, 2017ರಲ್ಲಿ ಶುರುವಾದ ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್, ಇಂಥವು. ಇಲ್ಲಿ ನೀವು ಒಳಗೆ ಹೋಗುವುದು ಕಂಪನಿಯ ಇಮೇಲ್ ವಿಳಾಸದಿಂದ. ಖಾತೆಗೆ ನಿಮ್ಮ ಹೆಸರಿದೆ, ಫೋಟೋ ಇದೆ, ಆದರೆ ಖಾತೆ ನಿಮ್ಮದಲ್ಲ. ಸಂದೇಶಗಳು ಇರುವುದು ಕಂಪನಿಯ ಹಿಡಿತದಲ್ಲಿರುವ ಸರ್ವರ್ ಜಾಗದಲ್ಲಿ, ನಿಮ್ಮ ಫೋನ್ ಅದನ್ನು ತಂದು ತೋರಿಸುತ್ತದೆ ಅಷ್ಟೆ.

ಎರಡನೆಯದು ನಿಮ್ಮ ಸ್ವಂತ ನಂಬರಿನ ಮೇಲೆ ನಡೆಯುವ ವಾಟ್ಸಾಪ್ ಅಥವಾ ಸಿಗ್ನಲ್ ಗ್ರೂಪ್. ಇಲ್ಲಿ ಖಾತೆ ನಿಮ್ಮದೇ. ವಾಟ್ಸಾಪ್ ಒಂದು ಸಂದೇಶವನ್ನು ತಲುಪಿಸಿದ ಮೇಲೆ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ತಲುಪದೇ ಉಳಿದದ್ದನ್ನು ಮಾತ್ರ 30 ದಿನ ಕಾಯ್ದಿಟ್ಟು ಆಮೇಲೆ ಅಳಿಸುತ್ತದೆ. ಅಂದರೆ ಗ್ರೂಪಿನ ಮಾತುಕತೆ ಅನ್ನುವುದು ಒಂದು ಕಡೆ ಕೂತಿರುವುದೇ ಇಲ್ಲ, ಪ್ರತಿ ಸದಸ್ಯರ ಫೋನಿನಲ್ಲೂ ಅದರ ಒಂದೊಂದು ಪ್ರತಿ ಇರುತ್ತದೆ.

ಕಂಪನಿ ಆಪ್ ಅಂದರೆ ಆಫೀಸಿನ ಒಳಗೋಡೆಗೆ ತೂಗುಹಾಕಿದ ನೋಟಿಸ್ ಬೋರ್ಡ್. ಬಾಗಿಲು ಹಾಕಿದರೆ ನೀವೇ ಬರೆದು ಅಂಟಿಸಿದ ಚೀಟಿಯನ್ನೂ ನೀವು ಓದಲಾರಿರಿ, ಒಳಗಿದ್ದವರು ಓದುತ್ತಲೇ ಇರುತ್ತಾರೆ. ವಾಟ್ಸಾಪ್ ಗ್ರೂಪ್ ಅಂದರೆ ಎಲ್ಲರ ಮನೆಗೂ ಒಂದೊಂದು ಪ್ರತಿ ಬರುವ ಕಾಗದ. ಪಟ್ಟಿಯಿಂದ ನಿಮ್ಮ ಹೆಸರು ಹೊಡೆದುಹಾಕಿದರೆ ನಾಳೆಯಿಂದ ಕಾಗದ ಬರುವುದಿಲ್ಲ, ಆದರೆ ಈಗಾಗಲೇ ಮನೆಯಲ್ಲಿರುವ ಕಾಗದವನ್ನು ಯಾರೂ ಬಂದು ಎತ್ತಿಕೊಂಡು ಹೋಗಲಾರರು. ಮುಂದಿನ ಗೊಂದಲಗಳಲ್ಲಿ ಅರ್ಧಕ್ಕರ್ಧ ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದ ಹುಟ್ಟುತ್ತವೆ.

ಟೆಲಿಗ್ರಾಂ ಎರಡರ ನಡುವೆ ಎಲ್ಲೋ ಇದೆ. ಖಾತೆ ನಿಮ್ಮದು, ಆದರೆ ದೊಡ್ಡ ಗ್ರೂಪ್‌ಗಳ ಮಾತುಕತೆ ಇರುವುದು ಸರ್ವರ್‌ನಲ್ಲಿ. ಅಂಥ ಖಾಸಗಿ ಗ್ರೂಪಿನಿಂದ ತೆಗೆದರೆ ಹಳೆಯದೂ ಕೈತಪ್ಪುತ್ತದೆ.

## ಕಂಪನಿ ಆಪ್‌ನಲ್ಲಿ ತೆಗೆಯುವವರು ಯಾರು?

ಯಾರೂ ಅಲ್ಲ ಅಂದರೂ ನಡೆಯುತ್ತದೆ. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಉದ್ಯೋಗಿಗಳ ಒಂದು ಕೇಂದ್ರ ಪಟ್ಟಿ ಇರುತ್ತದೆ. ಇಮೇಲ್, ಚಾಟ್, ರಜೆ ಹಾಕುವ ಆಪ್, ಫೈಲ್ ಇಡುವ ಜಾಗ, ಎಲ್ಲವೂ ಇವರು ನಮ್ಮವರಾ ಅಂತ ಕೇಳುವುದು ಈ ಪಟ್ಟಿಯನ್ನೇ. ಒಂದೇ ಪಾಸ್‌ವರ್ಡ್‌ನಲ್ಲಿ ಎಲ್ಲ ಆಪ್‌ಗೂ ಹೋಗುತ್ತಿದ್ದಿರಲ್ವಾ, ಅದು ಸಾಧ್ಯವಾಗಿದ್ದು ಇದರಿಂದಲೇ. ಸಿಂಗಲ್ ಸೈನ್ ಆನ್ ಅನ್ನುತ್ತಾರೆ.

ಎಚ್‌ಆರ್‌ನವರು ನಿಮ್ಮ ಕೊನೆಯ ದಿನಾಂಕವನ್ನು ತಮ್ಮ ಸಾಫ್ಟ್‌ವೇರ್‌ನಲ್ಲಿ ಹಾಕಿರುತ್ತಾರೆ, ಬಹುಶಃ ನೀವು ರಾಜೀನಾಮೆ ಕೊಟ್ಟ ವಾರವೇ. ಆ ದಿನ ಬಂದಾಗ ಕೇಂದ್ರ ಪಟ್ಟಿಯಲ್ಲಿ ನಿಮ್ಮ ಹೆಸರು ನಿಷ್ಕ್ರಿಯವಾಗುತ್ತದೆ, ಅದಕ್ಕೆ ಜೋಡಿಸಿದ ಪ್ರತಿ ಆಪ್‌ಗೂ ಸುದ್ದಿ ಹೋಗುತ್ತದೆ. ಹೀಗೆ ಸುದ್ದಿ ಮುಟ್ಟಿಸಲು ಎಸ್‌ಸಿಐಎಂ ಎಂಬ ಸಾಮಾನ್ಯ ನಿಯಮವೇ ಇದೆ. 2015ರಲ್ಲಿ ಅದರ ಈಗಿನ ರೂಪ ಪ್ರಕಟವಾಯಿತು. ಹಾಗಾಗಿ ಹತ್ತಾರು ಚಾನೆಲ್‌ಗಳಿಂದ (ಕಂಪನಿ ಆಪ್‌ನೊಳಗಿನ ಗ್ರೂಪ್‌ಗಳಿಗೆ ಹೀಗನ್ನುತ್ತಾರೆ) ಒಬ್ಬೊಬ್ಬರೇ ಕೂತು ನಿಮ್ಮನ್ನು ತೆಗೆಯಬೇಕಿಲ್ಲ. ನಿಮ್ಮ ಮ್ಯಾನೇಜರ್‌ಗೂ ಅದು ಯಾವ ಗಳಿಗೆಯಲ್ಲಿ ಆಯಿತು ಅಂತ ಗೊತ್ತಿರುವುದಿಲ್ಲ. ವಿದಾಯದ ಸಂದೇಶ ಅರ್ಧ ಟೈಪ್ ಮಾಡಿದ್ದಾಗಲೇ ಲಾಗ್‌ಔಟ್ ಆಗುವುದು ಇದಕ್ಕೇ. ಅದು ಸಿಟ್ಟಲ್ಲ, ಗಡಿಯಾರ.

ಕೆಲವರಿಗೆ ಇದರ ಉಲ್ಟಾ ಅನುಭವ: ಖಾತೆ ಮುಚ್ಚಿದೆ ಅಂತ ಹೇಳಿದ ಮೇಲೂ ಫೋನಿನಲ್ಲಿ ಇನ್ನೂ ಸಂದೇಶ ಕಾಣುತ್ತಿರುತ್ತದೆ. ಲಾಗಿನ್ ಆದಾಗ ಆಪ್‌ಗೆ ಟೋಕನ್ ಎಂಬ ತಾತ್ಕಾಲಿಕ ಪರವಾನಗಿ ಸಿಗುತ್ತದೆ, ಅದರ ಅವಧಿ ಮುಗಿಯುವ ತನಕ ಆಪ್ ಪ್ರತಿ ಸಲವೂ ಕೇಂದ್ರ ಪಟ್ಟಿಯನ್ನು ಕೇಳುವುದಿಲ್ಲ. ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಈ ಅವಧಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಈಗ ಹಲವು ಆಪ್‌ಗಳು ಖಾತೆ ಮುಚ್ಚಿದ ಕೂಡಲೇ ಟೋಕನ್ ರದ್ದು ಮಾಡುವುದನ್ನೂ ಕಲಿತಿವೆ, ಆದರೂ ಈ ಸಣ್ಣ ಸಂದು ಪೂರ್ತಿ ಹೋಗಿಲ್ಲ. ಆ ಸಂದಿನಲ್ಲಿ ಒಳಗೆ ಓಡಾಡಿ ಫೈಲ್ ಇಳಿಸಿಕೊಳ್ಳುವುದು ಮಾತ್ರ ಬೇಡ. ಯಾರು ಎಷ್ಟು ಹೊತ್ತಿಗೆ ಏನು ತೆರೆದರು ಅಂತ ದಾಖಲಾಗಿರುತ್ತದೆ.

ನೀವು ಬರೆದ ಸಂದೇಶಗಳು ಅಲ್ಲೇ ಉಳಿಯುತ್ತವೆ. ಸ್ಲ್ಯಾಕ್‌ನಲ್ಲಿ ನಿಮ್ಮ ಹೆಸರಿನ ಖಾತೆ ನಿಷ್ಕ್ರಿಯ ಅಂತ ಕಾಣುತ್ತದೆ, ಚಾನೆಲ್‌ಗಳಲ್ಲಿ ಬರೆದದ್ದು, ಹಾಕಿದ ಫೈಲು ಎಲ್ಲವೂ ಹಾಗೇ ಇರುತ್ತವೆ. ಸಹೋದ್ಯೋಗಿಯ ಜೊತೆ ಖಾಸಗಿಯಾಗಿ ಆಡಿದ ಮಾತು ಕೂಡ ಆ ಸಹೋದ್ಯೋಗಿಯ ಕಡೆ ಇರುತ್ತದೆ. ಕೆಲವು ಷರತ್ತುಗಳ ಮೇಲೆ ಕಂಪನಿ ಅದನ್ನೂ ತೆಗೆಸಿ ನೋಡಬಹುದು. ಬಾಸ್ ಬಗ್ಗೆ ಅಲ್ಲಿ ಗೊಣಗಿದ್ದವರು ಇದನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ತಪ್ಪಿ ಖಾತೆ ಅಳಿಸಿಬಿಟ್ಟರೆ ವಾಪಸ್ ತರಲು ಸ್ವಲ್ಪ ಕಾಲಾವಕಾಶ ಇರುತ್ತದೆ. ಮೈಕ್ರೋಸಾಫ್ಟ್‌ನಲ್ಲಿ 30 ದಿನ, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 20 ದಿನ. ನಿಮ್ಮ ಸಂಬಳದ ಚೀಟಿಯೋ ತೆರಿಗೆ ಕಾಗದವೋ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ ಎಚ್‌ಆರ್‌ಗೆ ಬರೆಯುವುದನ್ನು ಮುಂದೆ ಹಾಕಬೇಡಿ.

## ವಾಟ್ಸಾಪ್‌ನಲ್ಲಾದರೆ ಒಬ್ಬರ ಬೆರಳು ಬೇಕು

ಇಲ್ಲಿ ಎಚ್‌ಆರ್ ಸಾಫ್ಟ್‌ವೇರ್‌ಗೂ ಗ್ರೂಪಿಗೂ ಸಂಬಂಧವೇ ಇಲ್ಲ. ಅಡ್ಮಿನ್ ಒಬ್ಬರು ಸದಸ್ಯರ ಪಟ್ಟಿ ತೆರೆದು, ನಿಮ್ಮ ಹೆಸರು ಹುಡುಕಿ, ಒತ್ತಿ, ತೆಗೆಯಬೇಕು. ಅದಕ್ಕೇ ಇದು ಜಾಸ್ತಿ ಚುಚ್ಚುತ್ತದೆ. ಮಾಡಿದವರ ಹೆಸರು ನಿಮಗೆ ಕಾಣುತ್ತದೆ, ಇಂಥವರು ನಿಮ್ಮನ್ನು ತೆಗೆದರು ಅಂತ. ನಿನ್ನೆ ಜೊತೆಗೆ ಊಟ ಮಾಡಿದವರ ಹೆಸರೇ ಅದು. ಪಾಪ, ಅವರಿಗೆ ಮೇಲಿನವರು ಒಂದು ಪಟ್ಟಿ ಕೊಟ್ಟು ಇದಿಷ್ಟು ಮುಗಿಸಿ ಅಂದಿರುತ್ತಾರೆ.

ಗ್ರೂಪು ನಿಮ್ಮ ಚಾಟ್ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ಅಲ್ಲಿಯವರೆಗಿನ ಸಂದೇಶ, ಫೋಟೋ, ಕಡತ ಎಲ್ಲವನ್ನೂ ಓದಬಹುದು, ಹುಡುಕಬಹುದು. ಹೊಸದು ಬರುವುದಿಲ್ಲ, ನೀವು ಕಳಿಸಲೂ ಆಗುವುದಿಲ್ಲ. ನಿಮ್ಮ ಹಳೆಯ ಸಂದೇಶಗಳು ಉಳಿದವರ ಫೋನಿನಲ್ಲಿ ಇದ್ದೇ ಇರುತ್ತವೆ. ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ ಇದೆಯಲ್ಲ, ಅದಕ್ಕೆ 2 ದಿನಕ್ಕಿಂತ ಸ್ವಲ್ಪ ಜಾಸ್ತಿ ಗಡುವು. ಆದರೆ ಹಾಗೆ ಅಳಿಸುವುದು ಅಂದರೂ ಗ್ರೂಪಿಗೆ ಒಂದು ಸೂಚನೆ ಕಳಿಸಿದ ಹಾಗೆಯೇ, ಹೊರಗಿನಿಂದ ಅದನ್ನು ಕಳಿಸಲು ಬರುವುದಿಲ್ಲ. ಆದ್ದರಿಂದ ಏನಾದರೂ ಅಳಿಸಬೇಕಿದ್ದರೆ ಒಳಗಿರುವಾಗಲೇ ಅಳಿಸಬೇಕು.

ಒಳಗಿದ್ದವರ ಹೊಸ ಮಾತು ನಿಮಗೆ ಕಾಣುವುದಿಲ್ಲ ಅಂದೆನಲ್ಲ, ಅದು ಬರೀ ಪರದೆಯ ಮೇಲೆ ಮರೆ ಮಾಡುವುದಲ್ಲ. 2016ರಿಂದ ವಾಟ್ಸಾಪ್ ಸಂದೇಶಗಳು ಕಳಿಸುವವರ ಫೋನಿನಲ್ಲೇ ಗೂಢವಾಗಿ ಬದಲಾಗಿ, ಪಡೆಯುವವರ ಫೋನಿನಲ್ಲಿ ಮಾತ್ರ ಮತ್ತೆ ಓದುವಂತಾಗುತ್ತವೆ. ಗ್ರೂಪಿನಲ್ಲಿ ಪ್ರತಿ ಸದಸ್ಯರೂ ತಮ್ಮ ಸಂದೇಶಗಳಿಗೆ ಒಂದು ಗುಪ್ತ ಕೀಲಿ ಮಾಡಿಕೊಂಡು ಉಳಿದವರಿಗೆ ಅದನ್ನು ಹಂಚಿರುತ್ತಾರೆ, ನಮಗೆ ಗೊತ್ತಾಗದಂತೆ ಆಪ್ ಇದನ್ನು ಮಾಡುತ್ತದೆ. ಒಬ್ಬರು ಗ್ರೂಪಿನಿಂದ ಹೋದ ತಕ್ಷಣ ಉಳಿದವರೆಲ್ಲರ ಫೋನೂ ಹಳೆಯ ಕೀಲಿ ಬಿಸಾಕಿ ಹೊಸದು ಮಾಡಿಕೊಳ್ಳುತ್ತದೆ. ನೀವೇ ಹೋದರೂ ಅಷ್ಟೆ, ತೆಗೆದರೂ ಅಷ್ಟೆ. ನೀವು ಹೋದ ಮರುಕ್ಷಣದ ಸಂದೇಶ ಹೇಗೋ ನಿಮ್ಮ ಕೈಗೆ ಸಿಕ್ಕಿತು ಅಂದುಕೊಂಡರೂ ನಿಮ್ಮ ಫೋನಿಗೆ ಅದನ್ನು ಬಿಡಿಸಲು ಬರುವುದಿಲ್ಲ.

ನೀವೇ ಹೊರಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದಾ? ಮೊದಲು ಆಗುತ್ತಿತ್ತು, ಗ್ರೂಪಿನ ನಡುವೆ ಇಂಥವರು ಹೋದರು ಅಂತ ಒಂದು ಸಾಲು ಬೀಳುತ್ತಿತ್ತು. 2022ರ ಆಗಸ್ಟ್‌ನಲ್ಲಿ ವಾಟ್ಸಾಪ್ ಇದನ್ನು ಬದಲಿಸಿತು, ಈಗ ಸೂಚನೆ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ಹಾಗಂತ ಪೂರ್ತಿ ಗುಟ್ಟೇನಲ್ಲ. ಕಳೆದ 60 ದಿನದಲ್ಲಿ ಗ್ರೂಪಿನಿಂದ ಹೋದವರು ಯಾರು ಅಂತ ಸದಸ್ಯರು ಗ್ರೂಪಿನ ಮಾಹಿತಿಯಲ್ಲಿ ನೋಡಬಹುದು.

ಅಡ್ಮಿನ್‌ಗಳಿಗೆ ತಲೆನೋವು ತರುವ ಒಂದು ನಿಯಮ ಇದೆ. ಗ್ರೂಪ್ ಶುರು ಮಾಡಿದವರನ್ನು ಬೇರೆ ಅಡ್ಮಿನ್ ತೆಗೆಯಲು ಆಗುವುದಿಲ್ಲ. ಅವರಾಗಿಯೇ ಹೊರಗೆ ಹೋಗಬೇಕು. ಟೀಮ್ ಚಿಕ್ಕದಿದ್ದಾಗ ಯಾರೋ ಉತ್ಸಾಹಿ ಹುಡುಗ ಶುರು ಮಾಡಿದ ಗ್ರೂಪು, ಈಗ ನೂರು ಜನರ ಅಧಿಕೃತ ಗ್ರೂಪಾಗಿದೆ, ಆ ಹುಡುಗ ಎದುರು ಕಂಪನಿ ಸೇರಿದ್ದಾನೆ ಅಂದುಕೊಳ್ಳಿ. ಅವನು ಸುಮ್ನೆ ಕೂತರೆ ಇವರಿಗಿರುವ ದಾರಿ ಒಂದೇ, ಹೊಸ ಗ್ರೂಪ್ ಮಾಡಿ ಎಲ್ಲರೂ ಅಲ್ಲಿಗೆ ಹೋಗುವುದು. ಒಂದು ದಿನ ಟೀಮ್ ಗ್ರೂಪು ಇದ್ದಕ್ಕಿದ್ದಂತೆ ಮೌನವಾಗಿ, ನಿಮ್ಮನ್ನು ಯಾರೂ ತೆಗೆಯದೇ ಇದ್ದರೆ, ಆಗಿರುವುದು ಹೀಗೇ ಇರಬಹುದು!

ಇನ್ನೊಂದು ಕಡೆ, ಗ್ರೂಪಿಗೆ ಇದ್ದ ಒಬ್ಬರೇ ಅಡ್ಮಿನ್ ಕೆಲಸ ಬಿಟ್ಟು ಗ್ರೂಪನ್ನೂ ಬಿಟ್ಟರೆ ವಾಟ್ಸಾಪ್ ಉಳಿದವರಲ್ಲಿ ಯಾರನ್ನಾದರೂ ತಾನೇ ಆರಿಸಿ ಅಡ್ಮಿನ್ ಮಾಡುತ್ತದೆ. ಮೊನ್ನೆ ಸೇರಿದ ಟ್ರೈನಿಗೂ ಈ ಪಟ್ಟ ಬರಬಹುದು. ಹೋಗುವ ಮುಂಚೆ ಸರಿಯಾದವರನ್ನು ಅಡ್ಮಿನ್ ಮಾಡಿ ಹೋಗುವುದು ವಾಸಿ.

ಕಮ್ಯೂನಿಟಿ ಅಂತ ಒಂದು ಬಂದಿದೆಯಲ್ಲ, 2022ರ ಕೊನೆಯಲ್ಲಿ ಶುರುವಾದದ್ದು, ಹಲವು ಗ್ರೂಪ್‌ಗಳನ್ನು ಒಂದರ ಕೆಳಗೆ ಕಟ್ಟುವಂಥದ್ದು. ಅದರಿಂದ ತೆಗೆದರೆ ಅದರೊಳಗಿನ ಎಲ್ಲ ಗ್ರೂಪ್‌ನಿಂದಲೂ ಹೊರಬೀಳುತ್ತೀರಿ. ಟೀಮಿನ ಕ್ರಿಕೆಟ್ ಗ್ರೂಪಿನಿಂದಲೂ ನನ್ನನ್ನು ಓಡಿಸಿದರಲ್ಲ ಅಂತ ಬೇಜಾರಾಗುವ ಮುನ್ನ, ಆ ಗ್ರೂಪು ಕಮ್ಯೂನಿಟಿ ಒಳಗಿತ್ತಾ ನೋಡಿ.

## ಕಂಪನಿಗಳಿಗೆ ಯಾಕೆ ಇಷ್ಟು ಅವಸರ?

ಗ್ರೂಪಿನಲ್ಲಿ ಏನೇನು ಓಡಾಡುತ್ತದೆ ಅಂತ ಒಮ್ಮೆ ಯೋಚಿಸಿ. ಗ್ರಾಹಕರ ಹೆಸರು, ನಂಬರು, ವಿಳಾಸ. ಯಾರಿಗೆ ಎಷ್ಟು ರೇಟು ಕೊಟ್ಟಿದ್ದೇವೆ. ಅವಸರದಲ್ಲಿ ಹಾಕಿದ ಪಾಸ್‌ವರ್ಡ್. ಯಾರಿಗೆ ಹುಷಾರಿಲ್ಲ, ಯಾರು ರಜೆ. ಇದೆಲ್ಲ ಕೆಲಸದಲ್ಲಿ ಇರುವವರಿಗೆ ಬೇಕಾದ ಮಾಹಿತಿ. ಬಿಟ್ಟವರಿಗೆ ಅದು ಕಾಣುತ್ತಲೇ ಇದ್ದರೆ, ಅವರು ಎಷ್ಟೇ ಒಳ್ಳೆಯವರಿರಲಿ, ಗ್ರಾಹಕರ ದೃಷ್ಟಿಯಲ್ಲಿ ಅದು ಸೋರಿಕೆಯೇ. ವೈಯಕ್ತಿಕ ಮಾಹಿತಿಯ ಕಾನೂನುಗಳು ಇದೇ ತರ್ಕದ ಮೇಲೆ ನಿಂತಿವೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಾದ ಜಿಡಿಪಿಆರ್, ಅಗತ್ಯವಿಲ್ಲದವರ ಕೈಗೆ ಮಾಹಿತಿ ಸಿಗದಂತೆ ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆಯ ಮೇಲೇ ಹಾಕುತ್ತದೆ.

ಹಣಕಾಸು ಕಂಪನಿಗಳಲ್ಲಿ ಈ ಭಯ ಇನ್ನೂ ದೊಡ್ಡದು. ಅಲ್ಲಿ ವ್ಯವಹಾರದ ಮಾತುಕತೆಯನ್ನು ದಾಖಲೆಯಾಗಿ ಕಾಯ್ದಿಡಬೇಕೆಂಬ ನಿಯಮ ಇರುತ್ತದೆ, ಸ್ವಂತ ಫೋನಿನ ವಾಟ್ಸಾಪ್‌ನಲ್ಲಿ ಆಡಿದ ಮಾತು ಕಂಪನಿಯ ದಾಖಲೆಗೆ ಸಿಗುವುದೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಎರಡು ನಿಯಂತ್ರಣ ಸಂಸ್ಥೆಗಳು ಇದೇ ಕಾರಣಕ್ಕೆ ಜೆಪಿ ಮಾರ್ಗನ್ ಬ್ಯಾಂಕಿಗೆ ಒಟ್ಟು 20 ಕೋಟಿ ಡಾಲರ್ ದಂಡ ಹಾಕಿದವು. ಮರುವರ್ಷ ಸೆಪ್ಟೆಂಬರ್‌ನಲ್ಲಿ ವಾಲ್‌ಸ್ಟ್ರೀಟಿನ 16 ಸಂಸ್ಥೆಗಳ ಮೇಲೆ ಅಲ್ಲಿನ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ ಹಾಕಿದ ದಂಡ 110 ಕೋಟಿ ಡಾಲರ್ ದಾಟಿತು. ಚಾಟ್‌ಗೆ ಇಷ್ಟು ದುಡ್ಡು ತೆರಬೇಕಾದೀತು ಅಂತ ಗೊತ್ತಾದ ಮೇಲೆ ಗ್ರೂಪ್‌ಗಳ ಬಗ್ಗೆ ಕಂಪನಿಗಳ ಕಾನೂನು ವಿಭಾಗಗಳು ಎಚ್ಚರವಾದದ್ದು ಸಹಜವೇ.

ತೆಗೆಯುವುದರಿಂದ ನಿಮಗೂ ಒಂದು ರಕ್ಷಣೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ನೀವು ಹೋದ ಮೇಲೆ ಗ್ರೂಪಿನಿಂದ ಏನೋ ಹೊರಗೆ ಹೋಯಿತು ಅಂದುಕೊಳ್ಳಿ. ಆಗ ಮೊದಲು ಬೆರಳು ತೋರಿಸುವುದು ಕೆಲಸ ಬಿಟ್ಟೂ ಗ್ರೂಪಿನಲ್ಲಿ ಉಳಿದವರ ಕಡೆಗೇ. ಒಳಗೆ ಇರಲೇ ಇಲ್ಲ ಅಂತಾದರೆ ಆ ಮಾತೇ ಬರುವುದಿಲ್ಲ.

ಆದರೆ ಅವಸರಕ್ಕೂ ಒಂದು ಮಿತಿ ಇದೆ. 2022ರ ನವೆಂಬರ್‌ನಲ್ಲಿ ಟ್ವಿಟರ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಜನರನ್ನು ತೆಗೆದಾಗ, ಕಂಪನಿಯಿಂದ ಪತ್ರ ಬರುವ ಮುಂಚೆಯೇ ಹಲವರ ಇಮೇಲ್, ಸ್ಲ್ಯಾಕ್ ಬಂದ್ ಆಗಿತ್ತು. ಕೆಲಸ ಹೋಯಿತು ಅಂತ ಅವರಿಗೆ ಗೊತ್ತಾಗಿದ್ದೇ ಲಾಗಿನ್ ಆಗದೇ ಹೋದಾಗ. ಯಂತ್ರ ಮಾಡುವ ಕೆಲಸ ಮನುಷ್ಯ ಹೇಳಬೇಕಾದ ಮಾತಿಗಿಂತ ಮುಂದೆ ಓಡಿದರೆ ಹೀಗಾಗುತ್ತದೆ. ಇದನ್ನು ಭದ್ರತೆ ಅಂತ ಸಮರ್ಥಿಸುವವರಿದ್ದಾರೆ, ನನಗೇನೋ ಒಂದು ಫೋನ್ ಕರೆಗೆ ಸಮಯ ಇರಲಿಲ್ಲ ಅನ್ನುವುದನ್ನು ನಂಬಲು ಕಷ್ಟ.

## ಗೊತ್ತಿದ್ದರೂ ಯಾಕೆ ಚುಚ್ಚುತ್ತದೆ?

ಇಷ್ಟೆಲ್ಲ ಓದಿದ ಮೇಲೂ, ಅದು ನಿಯಮ, ನನ್ನ ಮೇಲಿನ ಸಿಟ್ಟಲ್ಲ ಅಂತ ಬುದ್ಧಿಗೆ ಗೊತ್ತಾದ ಮೇಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಅದಕ್ಕೆ ಒಳ್ಳೆಯ ವಿವರಣೆ ಇದೆ.

ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಒಂದು ಫ್ರಿಸ್ಬೀ ಉರುಳಿಕೊಂಡು ಅವರ ಹತ್ತಿರ ಬಂತು. ಆಡುತ್ತಿದ್ದ ಇಬ್ಬರು ಅಪರಿಚಿತರ ಕಡೆ ಅವರು ಅದನ್ನು ಎಸೆದರು. ಆ ಇಬ್ಬರು ವಾಪಸ್ ಎಸೆದರು. ಹೀಗೆ ಸ್ವಲ್ಪ ಹೊತ್ತು ಮೂವರೂ ಆಡಿದ ಮೇಲೆ, ಆ ಇಬ್ಬರು ಇವರ ಕಡೆ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಹೆಸರೂ ಗೊತ್ತಿಲ್ಲದ ಜನ, ಆದರೂ ವಿಲಿಯಮ್ಸ್‌ಗೆ ತುಂಬಾ ಬೇಜಾರಾಯಿತು. ಇದನ್ನೇ ಆಮೇಲೆ ಅವರು ಸೈಬರ್‌ಬಾಲ್ ಎಂಬ ಕಂಪ್ಯೂಟರ್ ಆಟವಾಗಿ ಮಾಡಿದರು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಉಳಿದಿಬ್ಬರೂ ನಿಜವಾದ ಜನ ಅಂತ ನೀವು ನಂಬಿರುತ್ತೀರಿ, ಅಸಲಿಗೆ ಅದು ಪ್ರೋಗ್ರಾಂ. ಒಂದೆರಡು ಸಲ ಚೆಂಡು ನಿಮಗೆ ಬರುತ್ತದೆ, ಆಮೇಲೆ ಬರುವುದೇ ಇಲ್ಲ.

2000ದಲ್ಲಿ ವಿಲಿಯಮ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಚೆಂಡು ಸಿಗದೇ ಉಳಿದವರ ಮನಸ್ಸು ಕುಗ್ಗಿತು, ನಾನು ಇಲ್ಲಿಯವನು ಎಂಬ ಭಾವ ಕಡಿಮೆಯಾಯಿತು. ಕೆಲವೇ ನಿಮಿಷದ, ಯಾವ ಲಾಭನಷ್ಟವೂ ಇಲ್ಲದ ಆಟ ಅದು. 2003ರಲ್ಲಿ ಇದೇ ಆಟ ಆಡುತ್ತಿದ್ದವರ ಮಿದುಳಿನ ಸ್ಕ್ಯಾನ್ ಮಾಡಿದಾಗ, ದೈಹಿಕ ನೋವಿನಲ್ಲಿ ಚುರುಕಾಗುವ ಒಂದು ಭಾಗ ಇಲ್ಲೂ ಚುರುಕಾಗಿತ್ತು. ಆ ಫಲಿತಾಂಶವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ವಿಜ್ಞಾನಿಗಳ ನಡುವೆ ಚರ್ಚೆ ಇದೆ, ಬೇಜಾರಾಗುತ್ತದೆ ಅನ್ನುವುದರ ಬಗ್ಗೆ ಮಾತ್ರ ಚರ್ಚೆಯಿಲ್ಲ.

ನಮ್ಮ ವಿಷಯಕ್ಕೆ ನೇರವಾಗಿ ತಾಗುವುದು ಆಮೇಲಿನ ಎರಡು ಪ್ರಯೋಗ. 2004ರದ್ದರಲ್ಲಿ, ನೀವು ಆಡುತ್ತಿರುವುದು ಕಂಪ್ಯೂಟರ್ ಜೊತೆ ಅಂತ ಮೊದಲೇ ಹೇಳಿದ್ದರು. ಆದರೂ ಚೆಂಡು ಬರದೇ ಹೋದಾಗ ಜನಕ್ಕೆ ಬೇಜಾರಾಯಿತು! ಅಂದರೆ ತೆಗೆದದ್ದು ಎಚ್‌ಆರ್ ಸಾಫ್ಟ್‌ವೇರ್ ಅಂತ ಗೊತ್ತಿದ್ದರೂ ಮನಸ್ಸು ಒಂದು ಕ್ಷಣ ಕುಗ್ಗುವುದರಲ್ಲಿ ಆಶ್ಚರ್ಯವಿಲ್ಲ. 2007ರಲ್ಲಿ ಪ್ರಕಟವಾದದ್ದರಲ್ಲಿ, ಆಡುವವರು ತೀರಾ ಹೇಸುವಂಥ ಜನಾಂಗದ್ವೇಷಿ ಗುಂಪಿನವರು ತಮ್ಮನ್ನು ಬಿಟ್ಟರು ಅಂತ ತಿಳಿದಾಗಲೂ ನೋವು ಕಡಿಮೆಯಾಗಲಿಲ್ಲ. ಆ ಗ್ರೂಪು ನನಗೆ ಬೇಕಾಗಿಯೇ ಇರಲಿಲ್ಲ, ಮ್ಯೂಟ್ ಮಾಡಿಟ್ಟಿದ್ದೆ, ಆದರೂ ಯಾಕೆ ಹೀಗನಿಸುತ್ತಿದೆ ಅಂತ ಕೇಳುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಸಿಗಲಿಕ್ಕಿಲ್ಲ.

ಹೊರಗಿಟ್ಟಾಗ ಮೊದಲು ಏಳುವ ಭಾವ ಯಾರು, ಯಾಕೆ ಅಂತ ವಿಚಾರಿಸಿ ಏಳುವುದಿಲ್ಲ. ವಿಚಾರ ಬರುವುದು ಆಮೇಲೆ. ಆದ್ದರಿಂದ ತೆಗೆದದ್ದು ಕಂಡ ಕೂಡಲೇ ಅಡ್ಮಿನ್‌ಗೆ ಉದ್ದದ ಸಂದೇಶ ಬರೆಯಬೇಡಿ. ಮಾರನೇ ದಿನ ಬರೆಯಿರಿ, ಆಗಲೂ ಬರೆಯಬೇಕು ಅನಿಸಿದರೆ.

## ಕಂಪನಿ ಸಿಮ್ ಇದ್ದವರಿಗೆ ಬೇರೆ ಲೆಕ್ಕ

ವಾಟ್ಸಾಪ್ ಖಾತೆ ಕಂಪನಿ ಕೊಟ್ಟ ನಂಬರಿನ ಮೇಲಿದ್ದರೆ ಸಮಸ್ಯೆ ತಿರುಗುಮುರುಗಾಗುತ್ತದೆ. ಗ್ರೂಪಿನ ಸದಸ್ಯತ್ವ ಇರುವುದು ವ್ಯಕ್ತಿಗಲ್ಲ, ನಂಬರಿಗೆ. ನೀವು ಸಿಮ್ ವಾಪಸ್ ಕೊಟ್ಟು ಬಂದಿರಿ, ಅದನ್ನು ಹೊಸದಾಗಿ ಸೇರಿದವರಿಗೆ ಕೊಟ್ಟರು, ಅವರು ವಾಟ್ಸಾಪ್ ಹಾಕಿಕೊಂಡರು. ಹಳೆಯ ಸಂದೇಶ ಅವರಿಗೆ ಕಾಣುವುದಿಲ್ಲ, ಆದರೆ ನೀವು ಸೇರಿದ್ದ ಗ್ರೂಪ್‌ಗಳು ಕಾಣಬಹುದು. ಆಫೀಸಿನವು ಮಾತ್ರ ಅಲ್ಲ, ಕುಟುಂಬದ ಗ್ರೂಪು ಕೂಡ. ನಂಬರು 45 ದಿನ ಸುಮ್ಮನಿದ್ದು ಆಮೇಲೆ ಬೇರೆ ಫೋನಿನಲ್ಲಿ ಚಾಲೂ ಆದರೆ ವಾಟ್ಸಾಪ್ ಹಳೆಯ ಖಾತೆಯ ಮಾಹಿತಿಯನ್ನು ತೆಗೆದುಹಾಕುತ್ತದೆ ನಿಜ, ಆದರೆ ಆಫೀಸಿನ ಸಿಮ್ ಅಷ್ಟು ದಿನ ಖಾಲಿ ಕೂರುವುದು ಅಪರೂಪ.

ಪರಿಹಾರ ಸುಲಭ. ಸಿಮ್ ಕೈಯಲ್ಲಿರುವಾಗಲೇ ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸುವ ಆಯ್ಕೆ ಬಳಸಿ ಖಾತೆಯನ್ನು ಸ್ವಂತ ನಂಬರಿಗೆ ಸಾಗಿಸಬಹುದು. ಗ್ರೂಪ್‌ಗಳೂ ಜೊತೆಗೆ ಬರುತ್ತವೆ. ಸ್ವಂತ ನಂಬರಿನಲ್ಲಿ ಬೇರೆ ವಾಟ್ಸಾಪ್ ಇದ್ದರೆ ಆಫೀಸ್ ನಂಬರಿನ ಖಾತೆಯನ್ನೇ ಅಳಿಸಿ. ಹಾಗೆ ಮಾಡಿದರೆ ಆ ನಂಬರು ಎಲ್ಲ ಗ್ರೂಪ್‌ನಿಂದಲೂ ಹೊರಬರುತ್ತದೆ. ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಖಾತೆ ಹಾಗೇ ಉಳಿದಿರುತ್ತದೆ.

## ಕೊನೆಯ ದಿನಕ್ಕೆ ಮುಂಚೆ, ಆಮೇಲೆ

ಕಂಪನಿ ಆಪ್‌ನಲ್ಲಿ ನಿಮ್ಮ ವೈಯಕ್ತಿಕ ಸಂಗತಿ ಏನಾದರೂ ಇದ್ದರೆ ಕೊನೆಯ ವಾರದ ಮೊದಲೇ ತೆಗೆದುಕೊಳ್ಳಿ. ಸಂಬಳದ ಚೀಟಿ, ಮೆಚ್ಚುಗೆಯ ಪತ್ರ, ಮುಂದೆಯೂ ಮಾತಾಡಬೇಕು ಅನ್ನುವವರ ಸ್ವಂತ ನಂಬರು. ಕೆಲಸದ ಕಡತ, ಗ್ರಾಹಕರ ಪಟ್ಟಿ ಇದರಲ್ಲಿ ಸೇರುವುದಿಲ್ಲ, ಅವು ನೀವೇ ಮಾಡಿದ್ದಾದರೂ ಸಾಮಾನ್ಯವಾಗಿ ಕಂಪನಿಯ ಸೊತ್ತು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಅದರ ಷರತ್ತು ಕೆಲಸ ಬಿಟ್ಟ ಮೇಲೂ ಮುಂದುವರಿಯುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ವಾಟ್ಸಾಪ್‌ನಲ್ಲಿ ಹಳೆಯ ಮಾತುಕತೆ ನಿಮ್ಮ ಫೋನಿನಲ್ಲಿ ಉಳಿದಿದೆ ಅಂದ ಮಾತ್ರಕ್ಕೆ ಅದನ್ನು ಹೊಸ ಆಫೀಸಿನಲ್ಲಿ ತೋರಿಸಬಹುದು ಅಂತಲ್ಲ.

ಬಾಕಿ ದುಡ್ಡಿನದ್ದೋ ಕಿರುಕುಳದ್ದೋ ತಕರಾರು ಇದ್ದರೆ ಮಾತು ಬೇರೆ. ಅದಕ್ಕೆ ಸಂಬಂಧಪಟ್ಟ ಸಂದೇಶಗಳನ್ನು ಅಳಿಸಬೇಡಿ. ಏನನ್ನು ಹೇಗೆ ಇಟ್ಟುಕೊಳ್ಳಬಹುದು ಅಂತ ವಕೀಲರನ್ನು ಕೇಳಿ, ಅದೂ ಖಾತೆ ಮುಚ್ಚುವ ಮೊದಲು. ಜಿಡಿಪಿಆರ್ ಇರುವ ಕಡೆ, ನನ್ನ ಬಗ್ಗೆ ನಿಮ್ಮಲ್ಲಿ ಏನೇನು ಮಾಹಿತಿ ಇದೆ ಕೊಡಿ ಅಂತ ಹಳೆಯ ಕಂಪನಿಯನ್ನು ಕೇಳುವ ಹಕ್ಕೂ ಇದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಅವರು ಉತ್ತರಿಸಬೇಕು.

ವಾಟ್ಸಾಪ್ ಗ್ರೂಪ್‌ನಿಂದ ತೆಗೆಯುವ ತನಕ ಕಾಯುವುದಕ್ಕಿಂತ ವಿದಾಯದ ನಾಲ್ಕು ಸಾಲು ಬರೆದು ನೀವೇ ಹೊರಡುವುದು ಹಗುರ. ಅಡ್ಮಿನ್‌ಗೂ ಮುಜುಗರ ತಪ್ಪುತ್ತದೆ. ಕೆಲಸದ ಗ್ರೂಪು ಬೇರೆ, ಸ್ನೇಹದ ಗ್ರೂಪು ಬೇರೆ ಅಂತ ಮೊದಲಿನಿಂದ ಇಟ್ಟುಕೊಂಡಿದ್ದರೆ ಎಲ್ಲಕ್ಕಿಂತ ಸಲೀಸು, ಆದರೆ ಹೆಚ್ಚಿನ ಟೀಮ್‌ಗಳಲ್ಲಿ ಎರಡೂ ಬೆರೆತುಹೋಗಿರುತ್ತವೆ. ಹುಟ್ಟುಹಬ್ಬದ ಕೇಕಿನ ಫೋಟೋ ಪಕ್ಕದಲ್ಲೇ ಗ್ರಾಹಕರ ಇನ್‌ವಾಯ್ಸ್ ಇರುತ್ತದೆ. ಹಾಗಿದ್ದಾಗ ಹಳೆಯದಕ್ಕೆ ಮತ್ತೆ ಸೇರಿಸಿ ಅಂತ ಕೇಳುವುದರ ಬದಲು, ಬೇಕಾದವರನ್ನು ಸೇರಿಸಿ ಕೆಲಸದ ಮಾತಿಲ್ಲದ ಹೊಸ ಗ್ರೂಪ್ ಮಾಡಿ. ಮತ್ತೆ ಸೇರಿಸಿ ಅಂದರೆ ಅಡ್ಮಿನ್ ಆದವರನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ, ಇಲ್ಲ ಅನ್ನಲೂ ಆಗದು, ಹೂಂ ಅನ್ನಲೂ ಆಗದು.

ಅಡ್ಮಿನ್ ನೀವಾಗಿದ್ದರೆ ಕೆಲಸ ಎರಡೇ. ತೆಗೆಯುವ ಮೊದಲು ಅವರಿಗೆ ವೈಯಕ್ತಿಕವಾಗಿ ಒಂದು ಸಾಲು ಕಳಿಸಿ, ಕಂಪನಿ ನಿಯಮ, ಇವತ್ತು ಸಂಜೆ ಗ್ರೂಪಿನಿಂದ ತೆಗೆಯುತ್ತಿದ್ದೇನೆ, ಏನೂ ತಪ್ಪು ತಿಳಿಯಬೇಡಿ ಅಂತ. ಎರಡನೆಯದು, ಗ್ರೂಪಿಗೆ ಸೇರುವ ಲಿಂಕ್ ಎಲ್ಲಾದರೂ ಹಂಚಿದ್ದರೆ ಅದನ್ನು ರೀಸೆಟ್ ಮಾಡಿ. ಹಳೆಯ ಲಿಂಕ್ ಚಾಲ್ತಿಯಲ್ಲಿದ್ದರೆ ಅದು ಯಾರ ಕೈಗೆ ಸಿಕ್ಕರೂ ಒಳಗೆ ಬರಲು ದಾರಿಯಾಗುತ್ತದೆ.

ಚಾಟ್ ಪಟ್ಟಿಯಲ್ಲಿ ಕೂತಿರುವ ಹಳೆಯ ಗ್ರೂಪನ್ನು ಏನು ಮಾಡುವುದು ಅನ್ನುವುದು ನಿಮಗೆ ಬಿಟ್ಟದ್ದು. ಕಣ್ಣಿಗೆ ಬೀಳದಿದ್ದರೆ ಸಾಕು ಅನ್ನುವವರು ಆರ್ಕೈವ್‌ಗೆ ಹಾಕಬಹುದು, ಬೇಡವೇ ಬೇಡ ಅನ್ನುವವರು ಅಳಿಸಬಹುದು. ಅಳಿಸಿದರೆ ಹೋಗುವುದು ನಿಮ್ಮ ಫೋನಿನ ಪ್ರತಿ ಮಾತ್ರ, ಉಳಿದವರ ಹತ್ತಿರ ಇರುವುದಕ್ಕೆ ಏನೂ ಆಗುವುದಿಲ್ಲ. ಅಳಿಸುವಾಗ ಫೋಟೋ, ವಿಡಿಯೋಗಳನ್ನೂ ಅಳಿಸಬೇಕಾ ಅಂತ ಕೇಳುವ ಆಯ್ಕೆಯನ್ನು ಗಮನಿಸಿ. ಅದನ್ನು ಬಿಟ್ಟರೆ ಗ್ರೂಪು ಹೋದರೂ ಗ್ಯಾಲರಿಯಲ್ಲಿ ಆಫೀಸಿನ ಬಿಲ್ಲು, ಕೊಟೇಶನ್, ಯಾರದ್ದೋ ಐಡಿ ಕಾರ್ಡಿನ ಫೋಟೋ ಉಳಿದಿರುತ್ತದೆ. ಅವನ್ನು ಬೇರೆಯಾಗಿ ಹುಡುಕಿ ತೆಗೆಯಬೇಕು.